ರಥದ ಕಾರ್ಡಿನಲ್ಲಿ ಲಗಾಮು ಯಾಕಿಲ್ಲ? ಪ್ಲೇಟೋ ಓದುತ್ತಾ ಟ್ಯಾರೋ 7ನೇ ಕಾರ್ಡು

ಕರಿಗುದುರೆ

ಟ್ಯಾರೋ ಅಂದರೆ ಭವಿಷ್ಯ ಕೇಳಲು ಬಳಸುವ ಚಿತ್ರದ ಕಾರ್ಡುಗಳ ಕಟ್ಟು. ಅದರ 7ನೇ ಕಾರ್ಡು ರಥ. ಇದು ಬಂದರೆ ಏನು ಹೇಳುತ್ತಾರೆ ಅಂತ ಇಲ್ಲಿರುವ ಎಲ್ಲರಿಗೂ ಗೊತ್ತು. ಗೆಲುವು, ಛಲ, ಮನಸ್ಸಿನ ಮೇಲೆ ಹಿಡಿತ, ಹಿಂದೆ ನೋಡಬೇಡಿ. ಈ ಓದು ನನಗೆ ಸಾಲದು ಅನ್ನಿಸುತ್ತಿದೆ. ಯಾಕೆ ಅಂತ ಬರೆಯುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಚಿತ್ರ ನೋಡೋಣ. ಆರ್ಥರ್ ಎಡ್ವರ್ಡ್ ವೇಟ್ ಯೋಜಿಸಿ, ಪಮೇಲಾ ಕೋಲ್ಮನ್ ಸ್ಮಿತ್ ಚಿತ್ರ ಬರೆದು, 1909ರಲ್ಲಿ ಲಂಡನ್ನಿನಲ್ಲಿ ಬಂದ ಕಟ್ಟಿನ ಬಗ್ಗೆ ಹೇಳುತ್ತಿದ್ದೇನೆ. ಮೇಲೆ ನಕ್ಷತ್ರಗಳ ಚಪ್ಪರ. ಕೆಳಗೆ ಕವಚ ತೊಟ್ಟ ಯುವಕ. ಅವನ ಎರಡೂ ಭುಜದ ಮೇಲೆ ಮುಖವಿರುವ ಅರ್ಧಚಂದ್ರ. ಹಿಂದೆ ನೀರು, ಕೋಟೆ, ಊರು. ಮುಂದೆ ಎರಡು ಸ್ಫಿಂಕ್ಸ್ (ಮನುಷ್ಯನ ತಲೆ, ಸಿಂಹದ ಮೈ), ಒಂದು ಕಪ್ಪು, ಒಂದು ಬಿಳಿ. ಇಷ್ಟೆಲ್ಲ ಇದೆ, ಲಗಾಮು ಮಾತ್ರ ಇಲ್ಲ. ಅವನ ಕೈಯಲ್ಲಿರುವುದು ಒಂದು ದಂಡ ಅಷ್ಟೇ. ಸ್ಫಿಂಕ್ಸ್‌ಗಳು ಓಡುತ್ತಲೂ ಇಲ್ಲ, ಕೂತಿವೆ. ಅವನ ಸೊಂಟದ ಕೆಳಗಿನ ಭಾಗ ಕಲ್ಲಿನಂತೆ ಕಾಣುವ ರಥದೊಳಗೆ ಹೂತುಹೋದ ಹಾಗಿದೆ. ಇಂಥ ರಥ ಮುಂದೆ ಹೋಗುವುದು ಹೇಗೆ?

ಕಪ್ಪು ಬಿಳಿ ಜೋಡಿ ನೋಡಿದ ತಕ್ಷಣ ನನಗೆ ನೆನಪಾಗುವುದು ಗ್ರೀಕ್ ದಾರ್ಶನಿಕ ಪ್ಲೇಟೋನ 'ಫೀಡ್ರಸ್' ಎಂಬ ಸಂಭಾಷಣೆ. ಅಥೆನ್ಸ್ ಊರಾಚೆ ಇಲಿಸಸ್ ಹೊಳೆ. ದಂಡೆಯ ಚಿನಾರ್ ಮರದ ನೆರಳಲ್ಲಿ ಸಾಕ್ರಟೀಸ್ ಮತ್ತು ಫೀಡ್ರಸ್ ಕೂತು ಪ್ರೀತಿಯ ಬಗ್ಗೆ ಮಾತಾಡುತ್ತಾರೆ. ಜೀವವನ್ನು ಹೇಗಿದೆ ಅಂತ ವಿವರಿಸುವುದು ಕಷ್ಟ, ಯಾವುದರ ಹಾಗಿದೆ ಅಂತ ಹೇಳಬಹುದು ಎಂದು ಸಾಕ್ರಟೀಸ್ ಶುರು ಮಾಡುತ್ತಾನೆ. ರೆಕ್ಕೆಯ ಎರಡು ಕುದುರೆ, ಒಬ್ಬ ಸಾರಥಿ. ದೇವರುಗಳ ಕುದುರೆಗಳೆಲ್ಲ ಒಳ್ಳೆಯವು. ನಮ್ಮದು ಮಿಶ್ರ. ಒಂದು ಬಿಳಿ, ನೆಟ್ಟಗೆ ನಿಲ್ಲುವ, ಮಾನ ಮರ್ಯಾದೆ ಗೊತ್ತಿರುವ ಕುದುರೆ. ಅದಕ್ಕೆ ಚಾವಟಿ ಬೇಡ, ಮಾತು ಸಾಕು. ಇನ್ನೊಂದು ಕಪ್ಪು, ಸೊಟ್ಟ ಮೈ, ದಪ್ಪ ಕತ್ತು, ಕಿವಿಯ ಸುತ್ತ ಕೂದಲು, ಕಿವುಡು. ಚಾವಟಿಗೂ ಕಷ್ಟಪಟ್ಟು ಬಗ್ಗುತ್ತದೆ.

ಇಷ್ಟು ಭಾಗವನ್ನು ಎಲ್ಲರೂ ಹೇಳುತ್ತಾರೆ. ಬುದ್ಧಿ ಸಾರಥಿ, ಆಸೆ ಕರಿ ಕುದುರೆ, ಬುದ್ಧಿ ಗೆಲ್ಲಬೇಕು, ಮುಗಿಯಿತು. ನನಗೆ ಮುಖ್ಯ ಅನ್ನಿಸುವುದು ಆಮೇಲೆ ಬರುವ ಭಾಗ.

ತಾನು ಪ್ರೀತಿಸುವ ವ್ಯಕ್ತಿ ಎದುರಾದಾಗ ಏನಾಗುತ್ತದೆ ನೋಡಿ. ಬಿಳಿ ಕುದುರೆ ನಾಚಿಕೆಯಿಂದ ಹಿಂದೆ ನಿಲ್ಲುತ್ತದೆ. ಸಾರಥಿಯೂ ತಾನಾಗಿ ಮುಂದೆ ಹೋಗುವುದಿಲ್ಲ. ಇಬ್ಬರನ್ನೂ ಎಳೆದುಕೊಂಡು ಹತ್ತಿರ ಹೋಗುವುದು ಕರಿ ಕುದುರೆ. ಹತ್ತಿರ ಹೋದ ಮೇಲೆ ಸಾರಥಿಗೆ ಆ ಮುಖ ಕಾಣುತ್ತದೆ. ಜೀವ ಹಿಂದೆ ಆಕಾಶದಂಚಿನಲ್ಲಿ ಕಂಡಿದ್ದ ಸೌಂದರ್ಯ ನೆನಪಾಗುತ್ತದೆ. ಭಯಭಕ್ತಿಯಿಂದ ಅವನು ಹಿಂದಕ್ಕೆ ಬೀಳುತ್ತಾನೆ. ಬೀಳುವ ರಭಸಕ್ಕೆ ಲಗಾಮು ಎಳೆದುಹೋಗಿ ಎರಡೂ ಕುದುರೆ ಹಿಂಗಾಲ ಮೇಲೆ ಕುಸಿಯುತ್ತವೆ.

ಅಂದರೆ ಕರಿ ಕುದುರೆ ಇಲ್ಲದಿದ್ದರೆ ಸಾರಥಿ ಆ ಮುಖವನ್ನು ಹತ್ತಿರದಿಂದ ನೋಡುತ್ತಲೇ ಇರಲಿಲ್ಲ. ಪ್ಲೇಟೋ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಕಥೆ ನಡೆಯುವುದೇ ಹಾಗೆ.

ಹಾಗಾಗಿ ರಥದ ಕಾರ್ಡು ಬಂದಾಗ 'ನಿನ್ನ ಆಸೆಯನ್ನು ತುಳಿ, ಗೆಲ್ಲುತ್ತೀಯ' ಅನ್ನುವುದು ಅರ್ಧ ಓದು ಅಂತ ನನ್ನ ವಾದ. ನಾಚಿಕೆಗೆಟ್ಟ ಆ ಕುದುರೆ ನಿನ್ನನ್ನು ಎಲ್ಲಿಗೆ ಕರೆದುಕೊಂಡು ಬಂದಿದೆ? ಬಂದ ಮೇಲೆ ನಿನಗೆ ಏನು ಕಂಡಿತು? ಕೇಳಬೇಕಾದ್ದು ಇದು. ನಿಮಗೆಲ್ಲ ಏನನ್ನಿಸುತ್ತದೆ?

ಮಧ್ಯಾಹ್ನದ ಓದುಗಿ

ತುಂಬಾ ಇಷ್ಟವಾಯಿತು. ಒಂದು ಪ್ರಶ್ನೆ ಇದೆ ಸರ್. ನಾನು ಪರಿಚಯದವರಿಗೆ ಕಾರ್ಡು ಓದುತ್ತೇನೆ. ಮೊನ್ನೆ ಒಬ್ಬರು ಕೆಲಸ ಬಿಡಬೇಕಾ ಬೇಡವಾ ಅಂತ ಕೇಳಿದರು, ರಥ ಬಂತು. ಅವರಿಗೆ ನಾನು ಪ್ಲೇಟೋ ಹೇಳುತ್ತಾ ಕೂರುವ ಹಾಗಿಲ್ಲ. ಇಂಥ ಕಡೆ ನಿಮ್ಮ ಓದು ಹೇಗೆ ಉಪಯೋಗಕ್ಕೆ ಬರುತ್ತದೆ?

ಹಳೇಕಟ್ಟು

ಚರಿತ್ರೆಯ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಇಲ್ಲದಿದ್ದರೆ ಈ ಕಾರ್ಡು ಪ್ಲೇಟೋನಿಂದಲೇ ಬಂತು ಅಂತ ಯಾರಾದರೂ ತಿಳಿದುಕೊಳ್ಳುತ್ತಾರೆ.

ಟ್ಯಾರೋ ಹುಟ್ಟಿದ್ದು 15ನೇ ಶತಮಾನದ ಉತ್ತರ ಇಟಲಿಯಲ್ಲಿ, ಇಸ್ಪೀಟಿನ ಹಾಗೆ ಆಡುವ ಆಟವಾಗಿ. ಭವಿಷ್ಯ ಹೇಳುವುದಕ್ಕೆ ಅದು ಜೋರಾಗಿ ಬಳಕೆಗೆ ಬಂದಿದ್ದು 18ನೇ ಶತಮಾನದ ಫ್ರಾನ್ಸಿನಲ್ಲಿ. 1781ರಲ್ಲಿ ಕೂರ್ ದ ಜೆಬೆಲಿನ್ ಎಂಬವರು ಇದು ಈಜಿಪ್ಟಿನ ಪ್ರಾಚೀನ ಜ್ಞಾನ ಅಂತ ಬರೆದರು. ಆಗ ಈಜಿಪ್ಟಿನ ಚಿತ್ರಲಿಪಿಯನ್ನು ಓದಬಲ್ಲವರು ಯಾರೂ ಇರಲಿಲ್ಲ. ಶಾಂಪೋಲಿಯೋನ್ ಅದನ್ನು ಬಿಡಿಸಿದ್ದು 1822ರಲ್ಲಿ. ಹಾಗಾಗಿ ಆ ಈಜಿಪ್ಟ್ ಕಥೆಗೆ ಆಧಾರ ಇಲ್ಲ.

ಸ್ಫಿಂಕ್ಸ್ ಕೂಡ ಆಮೇಲೆ ಬಂದಿದ್ದು. 1450ರ ಸುಮಾರಿನ ವಿಸ್ಕೊಂಟಿ-ಸ್ಫೋರ್ಜಾ ಕಟ್ಟಿನಲ್ಲಿ ರಥದ ಮೇಲೆ ಕೂತಿರುವುದು ಒಬ್ಬ ಹೆಂಗಸು. ಎಳೆಯುವುದು ರೆಕ್ಕೆ ಇರುವ ಎರಡು ಬಿಳಿ ಕುದುರೆ. ಫ್ರಾನ್ಸಿನ ಹಳೆಯ ಮಾರ್ಸೆಯ್ ಕಟ್ಟಿನಲ್ಲಿ ಎರಡು ಕುದುರೆ ಇವೆ, ಒಂದೊಂದು ಒಂದೊಂದು ಕಡೆಗೆ ಕಾಲು ಹಾಕಿರುತ್ತವೆ. ಅಲ್ಲೂ ಸಾಮಾನ್ಯವಾಗಿ ಲಗಾಮು ಕಾಣುವುದಿಲ್ಲ. ಸ್ಫಿಂಕ್ಸ್ ತಂದವರು 1850ರ ದಶಕದಲ್ಲಿ ಬರೆದ ಫ್ರಾನ್ಸಿನ ಗೂಢವಿದ್ಯೆಯ ಲೇಖಕ ಎಲಿಫಾಸ್ ಲೆವಿ. ವೇಟ್ ಅದನ್ನು ಲೆವಿಯಿಂದಲೇ ತೆಗೆದುಕೊಂಡೆ ಅಂತ ಹೇಳಿದ್ದಾರೆ. ರಥದ ಮುಂಭಾಗದಲ್ಲಿ ಭಾರತದ ಲಿಂಗ ಇದೆ ಅಂತಲೂ ಲೆವಿ ಬರೆದರು. ಪಮೇಲಾ ಚಿತ್ರದ ಮುಂಭಾಗದಲ್ಲಿ ರೆಕ್ಕೆಯ ಕೆಳಗೆ ಕೆಂಪು ಗುರುತು ಇದೆಯಲ್ಲ, ಅದರ ಮೂಲ ಇದು.

ರಥಕ್ಕೆ ನಿಜವಾದ ಹಿನ್ನೆಲೆ ರೋಮಿನ ವಿಜಯ ಮೆರವಣಿಗೆ. ಗೆದ್ದ ಸೇನಾಪತಿ ನಾಲ್ಕು ಕುದುರೆಯ ರಥದಲ್ಲಿ ಊರು ಸುತ್ತುತ್ತಿದ್ದ. ಇಟಲಿಯವರು ನವೋದಯ ಕಾಲದಲ್ಲಿ ಆ ಮೆರವಣಿಗೆಗಳನ್ನು ಮತ್ತೆ ಆಡಿ ತೋರಿಸುತ್ತಿದ್ದರು. ಕಾರ್ಡಿಗೆ ಅಲ್ಲಿಂದ ದಾರಿ ಸಿಕ್ಕಿದೆ. ಪ್ಲೇಟೋ ಮೂಲಕ ಓದಬೇಡಿ ಅಂತ ನಾನು ಹೇಳುತ್ತಿಲ್ಲ. ಓದಿ. ಮೂಲ ಯಾವುದು, ನಮ್ಮ ಓದು ಯಾವುದು ಅಂತ ಬೇರೆ ಬೇರೆ ಇಟ್ಟುಕೊಂಡು ಓದಿ.

ನಚಿಕೇತ ಪಕ್ಷ

ಯಾರೂ ಕಠೋಪನಿಷತ್ತು ಎತ್ತಲಿಲ್ಲವಲ್ಲ! 'ಆತ್ಮಾನಂ ರಥಿನಂ ವಿದ್ಧಿ ಶರೀರಂ ರಥಮೇವ ತು, ಬುದ್ಧಿಂ ತು ಸಾರಥಿಂ ವಿದ್ಧಿ ಮನಃ ಪ್ರಗ್ರಹಮೇವ ಚ.' ದೇಹ ರಥ, ಬುದ್ಧಿ ಸಾರಥಿ, ಮನಸ್ಸು ಲಗಾಮು, ಇಂದ್ರಿಯಗಳು ಕುದುರೆ. ಯಮ ನಚಿಕೇತನಿಗೆ ಹೇಳುವುದು ಇದು. ಪ್ಲೇಟೋಗೂ ಇದು ಇಲ್ಲಿಂದಲೇ ಹೋಗಿರಬೇಕು.

ಹಳೇಕಟ್ಟು

ಕೊನೆಯ ಸಾಲಿಗೆ ಪುರಾವೆ ಇಲ್ಲ ಸರ್. ಎರಡು ಕಡೆಯೂ ರಥ ಓಡಿಸುತ್ತಿದ್ದ ಜನ. ಇಬ್ಬರಿಗೂ ಅದೇ ಹೋಲಿಕೆ ಹೊಳೆದಿದ್ದರೆ ಆಶ್ಚರ್ಯ ಇಲ್ಲ.

ಕರಿಗುದುರೆ

ನಚಿಕೇತ ಪಕ್ಷದವರೇ, ನೀವು ಅದನ್ನು ಎತ್ತಿದ್ದು ಒಳ್ಳೆಯದಾಯಿತು. ಯಾರಿಂದ ಯಾರಿಗೆ ಹೋಯಿತು ಅನ್ನುವುದಕ್ಕಿಂತ ಎರಡೂ ಎಲ್ಲಿ ಬೇರೆಯಾಗುತ್ತವೆ ಅನ್ನುವುದು ನನಗೆ ಮುಖ್ಯ. ಕಠದಲ್ಲಿ ರಥದೊಳಗೆ ಇನ್ನೊಬ್ಬ ಇದ್ದಾನೆ. ಸಾರಥಿ ಬೇರೆ, ರಥದಲ್ಲಿ ಕೂತ ಯಜಮಾನ ಬೇರೆ. ಪ್ಲೇಟೋನ ರಥದಲ್ಲಿ ಹಾಗೆ ಸುಮ್ಮನೆ ಕೂತವರು ಯಾರೂ ಇಲ್ಲ. ಸಾರಥಿ ಬಿದ್ದರೆ ಜೀವವೇ ಬಿದ್ದ ಹಾಗೆ. ರೆಕ್ಕೆ ಮುರಿದರೆ ಎಲ್ಲರೂ ಕೆಳಗೆ. ಕಠದ ರಥಿಕನಿಗೆ ಆ ಅಪಾಯ ಇಲ್ಲ ಅನ್ನಲಾರೆ, ಏಕೆಂದರೆ ಹಿಡಿತ ತಪ್ಪಿದವನು ಮತ್ತೆ ಸಂಸಾರಕ್ಕೇ ಬರುತ್ತಾನೆ ಅಂತ ಅಲ್ಲೂ ಹೇಳಿದೆ. ಆದರೆ ಕುದುರೆಯ ಜಗಳ ಅವನ ಒಳಗಿನ ಜಗಳ ಅಲ್ಲ.

ಈಗ ಕಾರ್ಡಿನ ಯುವಕನನ್ನು ನೋಡಿ. ಅವನು ರಥಿಕನಾ, ಸಾರಥಿಯಾ? ಕಿರೀಟ, ಕವಚ, ಚಪ್ಪರ ನೋಡಿದರೆ ಯಜಮಾನ. ಆದರೆ ಅಲ್ಲಿ ಬೇರೆ ಸಾರಥಿ ಇಲ್ಲ. ಕಠದ ಕಣ್ಣಿಂದ ನೋಡಿದರೆ ಈ ರಥದಲ್ಲಿ ಬುದ್ಧಿಯ ಜಾಗ ಖಾಲಿ, ಲಗಾಮು ಎಂಬ ಮನಸ್ಸೂ ಇಲ್ಲ. ಯಜಮಾನ ಒಬ್ಬನೇ ಎದ್ದು ನಿಂತಿದ್ದಾನೆ. ಇದು ಗೆಲುವಿನ ಚಿತ್ರವೋ ಎಚ್ಚರಿಕೆಯ ಚಿತ್ರವೋ ನನಗೆ ಇನ್ನೂ ಬಗೆಹರಿದಿಲ್ಲ.

ಓದುಗಿ ಮೇಡಂ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ಕೆಲಸ ಬಿಡಬೇಕಾ ಅಂತ ಕೇಳಿದವರಿಗೆ ಪ್ಲೇಟೋ ಹೆಸರು ಬೇಡವೇ ಬೇಡ. 'ಬಿಡಬೇಕು ಅಂತ ನಿಮ್ಮನ್ನು ಎಳೆಯುತ್ತಿರುವುದು ಏನು?' ಅಂತ ಕೇಳಿ. ಅವರು ಮೊದಲು ಮರ್ಯಾದೆಯ ಕಾರಣ ಹೇಳುತ್ತಾರೆ. ಬೆಳವಣಿಗೆ, ಅವಕಾಶ, ಇಂಥವು. ಅದು ಬಿಳಿ ಕುದುರೆಯ ಮಾತು. ಸ್ವಲ್ಪ ಹೊತ್ತು ಬಿಟ್ಟರೆ ಇನ್ನೊಂದು ಹೊರಗೆ ಬರುತ್ತದೆ. ಹೊಟ್ಟೆಕಿಚ್ಚು, ದಣಿವು, ಜಾಸ್ತಿ ದುಡ್ಡಿನ ಆಸೆ, ಮೇಲಿನವರ ಮೇಲಿನ ಕೋಪ. ಅದನ್ನು ಹೇಳಿದ್ದಕ್ಕೆ ಅವರಿಗೆ ಬೈಗುಳ ಸಿಗಬಾರದು. ಅದು ಎಲ್ಲಿಗೆ ಎಳೆಯುತ್ತಿದೆ ಅಂತ ಅವರೇ ನೋಡಲಿ. ಕಾರ್ಡು ಅಷ್ಟು ಮಾಡಿದರೆ ಸಾಕು. ಬಿಡಿ ಅಥವಾ ಬಿಡಬೇಡಿ ಅಂತ ಹೇಳುವುದು ನಮ್ಮ ಕೆಲಸ ಅಲ್ಲ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಒಂದೇ ಜೀವ

ನಾನು ಸ್ಟೋಯಿಕರ ಕಡೆ, ಅಂದರೆ ಬುದ್ಧಿಯಂತೆ ಬದುಕಬೇಕು, ನಮ್ಮ ಕೈಯಲ್ಲಿಲ್ಲದ್ದಕ್ಕೆ ಕೊರಗಬಾರದು ಅನ್ನುವ ಹಳೆಯ ಗ್ರೀಕ್-ರೋಮನ್ ತತ್ವಪಂಥದ ಕಡೆ. ಹಾಗಾಗಿ ಎರಡು ಕುದುರೆಯ ಕಥೆಯನ್ನೇ ಒಪ್ಪುವುದಿಲ್ಲ.

ಕ್ರಿ.ಪೂ. 3ನೇ ಶತಮಾನದ ಸ್ಟೋಯಿಕ ಕ್ರೈಸಿಪ್ಪಸ್ ಇದನ್ನು ನೇರವಾಗಿ ತಳ್ಳಿಹಾಕಿದ. ನಮ್ಮೊಳಗೆ ಬುದ್ಧಿ ಬೇರೆ, ಆಸೆ ಬೇರೆ ಅಂತ ಎರಡು ಇಲ್ಲ. ಕೋಪ ಬಂದರೆ ಅದು ನಿನ್ನದೇ ತೀರ್ಮಾನ. 'ನನಗೆ ಅನ್ಯಾಯ ಆಗಿದೆ, ಸೇಡು ತೀರಿಸಬೇಕು' ಅಂತ ನಿನ್ನ ಬುದ್ಧಿಯೇ ಒಪ್ಪಿದೆ. ಒಪ್ಪಿದ ಮೇಲೆ ಅದು ಯಾಕೆ ನಿಲ್ಲುವುದಿಲ್ಲ? ಅದಕ್ಕೆ ಅವನು ಕೊಟ್ಟ ಉದಾಹರಣೆ ನಡೆಯುವವನು ಮತ್ತು ಓಡುವವನದು. ನಡೆಯುವವನು ಬೇಕೆಂದಲ್ಲಿ ನಿಲ್ಲುತ್ತಾನೆ. ಓಡುವವನಿಗೆ ಆಗುವುದಿಲ್ಲ. ಕಾಲು ಎರಡೂ ಅವನದೇ. ಎಳೆದುಕೊಂಡು ಹೋದ ಕುದುರೆ ಯಾವುದೂ ಇಲ್ಲ.

ಕರಿ ಕುದುರೆ ಮಾಡಿತು ಅನ್ನುವುದು ತಪ್ಪಿಸಿಕೊಳ್ಳುವ ದಾರಿ ಆಗುತ್ತದೆ ಅನ್ನುವುದು ನನ್ನ ಆತಂಕ. ನಾನು ಬೈದೆ, ನಾನು ಸುಳ್ಳು ಹೇಳಿದೆ. ಕುದುರೆ ಅಲ್ಲ.

ಇನ್ನೊಂದು ವಿಷಯ. ರೋಮಿನ ಮೆರವಣಿಗೆಯ ಬಗ್ಗೆ ಮೇಲೆ ಬಂತಲ್ಲ, ಗೆದ್ದವನ ಹಿಂದೆ ಒಬ್ಬ ನಿಂತು 'ನೀನು ಸಾಯುವ ಮನುಷ್ಯ' ಅಂತ ನೆನಪಿಸುತ್ತಿದ್ದ. ಸ್ಟೋಯಿಕ ಗುರು ಎಪಿಕ್ಟೆಟಸ್ ತನ್ನ ಪಾಠದಲ್ಲಿ ಇದನ್ನು ಹೇಳುತ್ತಾನೆ. ಮಗುವನ್ನು, ಅಣ್ಣತಮ್ಮನನ್ನು, ಗೆಳೆಯನನ್ನು ಮುದ್ದಿಸುವಾಗಲೂ ನಿನ್ನೊಳಗೆ ಹಾಗೆ ಒಬ್ಬ ನಿಂತಿರಲಿ ಅಂತ. ನಮ್ಮ ಕಾರ್ಡಿನಲ್ಲಿ ಆ ಮನುಷ್ಯ ಇಲ್ಲ. ರಥದಲ್ಲಿ ಯುವಕ ಒಬ್ಬನೇ. ನಾನು ಈ ಕಾರ್ಡು ನೋಡಿದಾಗಲೆಲ್ಲ ಅವನ ಹಿಂದಿನ ಖಾಲಿ ಜಾಗವನ್ನೇ ನೋಡುತ್ತೇನೆ.

ಸ್ಟೋಯಿಕನೂ ಆಗಿದ್ದ ರೋಮನ್ ಚಕ್ರವರ್ತಿ ಮಾರ್ಕಸ್ ಅರೇಲಿಯಸ್ ಇಂಥ ರಥದಲ್ಲಿ ನಿಜವಾಗಿ ನಿಂತವನು. ಕ್ರಿ.ಶ. 176ರಲ್ಲಿ ಜರ್ಮನ್ನರು, ಸರ್ಮೇಶಿಯನ್ನರು ಎಂಬ ಗಡಿಯಾಚೆಯ ಜನರ ಮೇಲೆ ಗೆದ್ದಿದ್ದಕ್ಕೆ ರೋಮಿನಲ್ಲಿ ಮೆರವಣಿಗೆ ಆಯಿತು. ಆ ರಥದ ಕೆತ್ತನೆ ಈಗಲೂ ರೋಮಿನ ಕ್ಯಾಪಿಟೊಲೈನ್ ಮ್ಯೂಸಿಯಂನಲ್ಲಿದೆ. ಇದೇ ಮನುಷ್ಯ ತನಗಾಗಿ ಬರೆದುಕೊಂಡ ಟಿಪ್ಪಣಿಯಲ್ಲಿ ಹೇಳುತ್ತಾನೆ: ಜೇಡಕ್ಕೆ ನೊಣ ಹಿಡಿದೆ ಅಂತ ಹೆಮ್ಮೆ, ಒಬ್ಬನಿಗೆ ಮೊಲ, ಒಬ್ಬನಿಗೆ ಬಲೆಗೆ ಬಿದ್ದ ಮೀನು, ಇನ್ನೊಬ್ಬನಿಗೆ ಸರ್ಮೇಶಿಯನ್ನರು. ಇವರ ತತ್ವ ಪರೀಕ್ಷೆ ಮಾಡಿದರೆ ಎಲ್ಲರೂ ದರೋಡೆಕೋರರೇ ಅಲ್ಲವೇ ಅಂತ. ಗೆಲುವಿನ ಕಾರ್ಡಿಗೆ ಇದಕ್ಕಿಂತ ಒಳ್ಳೆಯ ಓದು ನನಗೆ ಗೊತ್ತಿಲ್ಲ.

ಮಧ್ಯಾಹ್ನದ ಓದುಗಿ

ಜೇಡ ಮತ್ತು ಸರ್ಮೇಶಿಯನ್ನರ ಮಾತು ಓದಿ ಸ್ವಲ್ಪ ಹೊತ್ತು ಹಾಗೇ ಕೂತೆ. ನನ್ನ ಟಿಪ್ಪಣಿ ಪುಸ್ತಕದಲ್ಲಿ ರಥದ ಪುಟಕ್ಕೆ ಬರೆದುಕೊಂಡೆ.

ಕರಿಗುದುರೆ

'ಒಂದೇ ಜೀವ' ಅವರೇ, ನಿಮ್ಮ ಆತಂಕ ನಿಜ. ಕುದುರೆ ಮಾಡಿತು ಅಂತ ಜಾರಿಕೊಳ್ಳುವವರನ್ನು ನಾನೂ ನೋಡಿದ್ದೇನೆ. ಆದರೆ ಕ್ರೈಸಿಪ್ಪಸ್ ಮಾತು ಒಂದು ಕಡೆ ಸೋಲುತ್ತದೆ. ತಪ್ಪು ಅಂತ ಗೊತ್ತಿದ್ದೂ, ಗೊತ್ತಿರುವಾಗಲೇ, ಮಾಡುತ್ತೇವಲ್ಲ, ಅದು ಏನು? ಆ ಕ್ಷಣದಲ್ಲಿ ಎರಡು ಕಡೆ ಎಳೆತ ಇರುವುದು ಅನುಭವಕ್ಕೆ ಬರುತ್ತದೆ. ಕ್ರಿ.ಶ. 2ನೇ ಶತಮಾನದ ವೈದ್ಯ ಗೇಲನ್ ಕ್ರೈಸಿಪ್ಪಸ್ ಜೊತೆ ಜಗಳ ಆಡಿದ್ದು ಇದಕ್ಕೇ. ಓಡುವವನನ್ನು ನಿಲ್ಲಲು ಬಿಡದೇ ಇರುವುದು ಅವನ ಮೈಭಾರ. ಅದು ಅವನ ಬುದ್ಧಿ ಅಲ್ಲವಲ್ಲ ಅನ್ನುವುದು ಗೇಲನ್ ವಾದ. ನಿಮ್ಮ ಉದಾಹರಣೆಯಲ್ಲೇ ಎರಡನೆಯದು ಒಂದು ಬಂದುಬಿಟ್ಟಿದೆ.

ಸ್ಟೋಯಿಕರಲ್ಲಿ ನನಗೆ ಇಷ್ಟವಾದ ಬಂಡಿ ಬೇರೆ ಇದೆ. ಆ ಪಂಥ ಕಟ್ಟಿದ ಜೀನೋ ಮತ್ತು ಕ್ರೈಸಿಪ್ಪಸ್ ಹೇಳಿದ್ದು ಅಂತ ಆಮೇಲಿನವರು ಬರೆದಿಟ್ಟ ಮಾತು. ಬಂಡಿಗೆ ಕಟ್ಟಿದ ನಾಯಿ. ತಾನಾಗಿ ಹಿಂದೆ ಹೋದರೆ ನಡೆದುಕೊಂಡು ಹೋಗುತ್ತದೆ. ಒಲ್ಲೆ ಅಂದರೆ ಎಳೆಸಿಕೊಂಡು ಹೋಗುತ್ತದೆ. ಹೋಗುವುದಂತೂ ತಪ್ಪುವುದಿಲ್ಲ. ನಮ್ಮ ಕಾರ್ಡಿನ ಯುವಕ ತಾನು ಬಂಡಿ ಓಡಿಸುತ್ತಿದ್ದೇನೆ ಅಂದುಕೊಂಡಿದ್ದಾನೆ. ಅವನೇ ಆ ನಾಯಿ ಆಗಿದ್ದರೆ?

ನಚಿಕೇತ ಪಕ್ಷ

ಕುದುರೆ ಇದೆಯೋ ಇಲ್ಲವೋ ಅಂತ ಜಗಳ ನಡೆದಿದೆ. ರಥವೇ ಇಲ್ಲ ಅಂದವನೂ ಒಬ್ಬ ಇದ್ದಾನೆ, ಭಿಕ್ಷು ನಾಗಸೇನ. ಮಿಲಿಂದ ರಾಜನ ಪ್ರಶ್ನೆಗಳು ಎಂಬ ಪಾಲಿ ಗ್ರಂಥದಲ್ಲಿ ಬರುತ್ತದೆ. ಮಿಲಿಂದ ಅಂದರೆ ಕ್ರಿ.ಪೂ. 2ನೇ ಶತಮಾನದ ಗ್ರೀಕ್ ಅರಸು ಮಿನಾಂಡರ್. ರಾಜ ರಥದಲ್ಲಿ ಬಂದೆ ಅನ್ನುತ್ತಾನೆ. ನಾಗಸೇನ ಕೇಳುತ್ತಾನೆ: ಅಚ್ಚು ರಥವಾ? ಗಾಲಿ ರಥವಾ? ನೊಗ ರಥವಾ? ಯಾವುದೂ ಅಲ್ಲ. ಎಲ್ಲ ಸೇರಿದಾಗ ಇಟ್ಟ ಹೆಸರು ರಥ. ನಾಗಸೇನ ಅನ್ನುವುದೂ ಹಾಗೇ ಒಂದು ಹೆಸರು.

ಕಾರ್ಡಿಗೆ ಇದನ್ನು ಹಾಕಿ ನೋಡಿದರೆ 'ಗೆದ್ದವನು ಯಾರು?' ಅನ್ನುವ ಪ್ರಶ್ನೆಯೇ ನಿಲ್ಲುವುದಿಲ್ಲ. ಕವಚ, ಚಪ್ಪರ, ಸ್ಫಿಂಕ್ಸ್ ಒಂದೊಂದಾಗಿ ತೆಗೆದರೆ ಕೊನೆಗೆ ಉಳಿಯುವವನು ಯಾರೂ ಇಲ್ಲ. ನಾನು ಉಪನಿಷತ್ತಿನ ಪಕ್ಷದವನು, ನನಗೆ ಇದು ಒಪ್ಪಿಗೆ ಇಲ್ಲ. ಆದರೂ ಗ್ರೀಕ್ ರಾಜನ ಮುಂದೆ ಒಬ್ಬ ಭಿಕ್ಷು ರಥವನ್ನು ಬಿಚ್ಚಿಟ್ಟ ಈ ಪ್ರಸಂಗ ಇಲ್ಲಿ ಬರಲೇಬೇಕಿತ್ತು.

ಹಳೇಕಟ್ಟು

ಇದು ನನಗೂ ನೆನಪಾಗಿರಲಿಲ್ಲ. ಧನ್ಯವಾದ.

ವೇಟ್ ಸ್ವತಃ ಏನು ಬರೆದರು ಅನ್ನುವುದೂ ಇಲ್ಲಿ ಇರಲಿ. ಈ ಯುವಕನ ಗೆಲುವು ಹೊರಗಿನದು, ಅವನ ಒಳಗಿನದಲ್ಲ ಅಂತ ಅವರೇ ಹೇಳಿದ್ದಾರೆ. ಅವನು ತರ್ಕದ ಬಂಧನದಲ್ಲೇ ಉಳಿಯಬಹುದು ಅಂತಲೂ ಹೇಳಿದ್ದಾರೆ. ಇವನು 2ನೇ ಕಾರ್ಡಿನ ಪ್ರಧಾನ ಅರ್ಚಕಿಯ ಕಂಬಗಳ ಮುಂದೆ ಬಂದರೆ ಅವಳ ಕೈಯ ಸುರುಳಿಯನ್ನು ಬಿಚ್ಚಲಾರ, ಅವಳು ಕೇಳಿದರೆ ಉತ್ತರಿಸಲಾರ. ಗೆಲುವು ಗೆಲುವು ಅಂತ ಓದುವವರು ವೇಟ್ ಬರೆದ ಈ ಭಾಗವನ್ನು ಬಿಟ್ಟೇಬಿಡುತ್ತಾರೆ. (ಅವರ ಬರಹದಲ್ಲಿ ಯುವಕನ ಕೈಯಲ್ಲಿ ಬಿಚ್ಚುಗತ್ತಿ ಇದೆ, ಪಮೇಲಾ ಚಿತ್ರದಲ್ಲಿ ದಂಡ ಇದೆ. ಪಮೇಲಾ ಬರೆದದ್ದೇ ನನಗೆ ಇಷ್ಟ.)

ಕರಿಗುದುರೆ

ಅರ್ಚಕಿಯ ಮಾತು ಬಂದಿದ್ದರಿಂದ ಒಂದು ಹೇಳಲೇಬೇಕು. ಪ್ಲೇಟೋಗಿಂತ ಹಿಂದೆ ಪಾರ್ಮೆನಿಡೀಸ್ ಎಂಬ ಗ್ರೀಕ್ ದಾರ್ಶನಿಕ ಒಂದು ಕಾವ್ಯ ಬರೆದ. ಅದು ಶುರುವಾಗುವುದೇ ರಥದಿಂದ. ಹೆಣ್ಣು ಕುದುರೆಗಳು ಅವನನ್ನು ಮನಸ್ಸು ಮುಟ್ಟುವಷ್ಟು ದೂರ ಹೊತ್ತೊಯ್ಯುತ್ತವೆ. ಸೂರ್ಯನ ಹೆಣ್ಣುಮಕ್ಕಳು ದಾರಿ ತೋರುತ್ತಾರೆ. ಅಚ್ಚು ಕಾದು ಕೆಂಪಾಗಿ ಕೊಳಲಿನ ಹಾಗೆ ಕೂಗುತ್ತದೆ. ಮುಂದೆ ರಾತ್ರಿ ಹಗಲಿನ ಬಾಗಿಲು. ಬೀಗದ ಕೈ ನ್ಯಾಯದೇವತೆಯ ಹತ್ತಿರ. ಹುಡುಗಿಯರು ಮೃದುವಾಗಿ ಮಾತಾಡಿ ಅವಳನ್ನು ಒಪ್ಪಿಸುತ್ತಾರೆ. ಬಾಗಿಲು ತೆರೆಯುತ್ತದೆ. ಒಳಗಿನ ದೇವಿ ಅವನ ಬಲಗೈ ಹಿಡಿದು, ಯುವಕನೇ ಅಂತ ಕರೆದು, ಸತ್ಯ ಹೇಳುತ್ತಾಳೆ.

ಇಡೀ ಪ್ರಯಾಣದಲ್ಲಿ ಅವನು ರಥ ಓಡಿಸುವುದಿಲ್ಲ. ಬಾಗಿಲು ಒಡೆಯುವುದಿಲ್ಲ. ಮಾತಾಡುವುದೂ ಇಲ್ಲ, ಕೇಳಿಸಿಕೊಳ್ಳುತ್ತಾನೆ. ಹಾಗಾಗಿಯೇ ಒಳಗೆ ಹೋದ. ವೇಟ್ ಹೇಳುವ ಯುವಕ ಹೊರಗೇ ಉಳಿಯುವುದು ತಾನೇ ಗೆಲ್ಲಬೇಕು ಅಂತ ಹೊರಟಿದ್ದರಿಂದ. ಎರಡನ್ನೂ ಪಕ್ಕದಲ್ಲಿಟ್ಟು ಓದಿದಾಗ ನನಗೆ ಹೀಗೆ ಕಾಣುತ್ತದೆ.

ಮಧ್ಯಾಹ್ನದ ಓದುಗಿ

ಹಾಗಾದರೆ ರಥ ತಲೆಕೆಳಗಾಗಿ ಬಂದರೆ ಏನು ಹೇಳಬೇಕು? ಪುಸ್ತಕಗಳಲ್ಲಿ ಸೋಲು, ಹಿಡಿತ ತಪ್ಪುವುದು ಅಂತ ಇರುತ್ತದೆ.

ಒಂದೇ ಜೀವ

ನನ್ನ ಲೆಕ್ಕದಲ್ಲಿ ನೆಟ್ಟಗೆ ಬಂದರೂ ತಲೆಕೆಳಗಾಗಿ ಬಂದರೂ ಕೇಳುವುದು ಒಂದೇ. ನಿನ್ನ ಕೈಯಲ್ಲಿ ಇರುವುದು ಯಾವುದು, ಇಲ್ಲದಿರುವುದು ಯಾವುದು?

ಕರಿಗುದುರೆ

ನಾನು ತಲೆಕೆಳಗಾದ ರಥವನ್ನು ಸಾರಥಿ ಹಿಂದಕ್ಕೆ ಬಿದ್ದ ಆ ಕ್ಷಣ ಅಂತ ಓದುತ್ತೇನೆ. ಏನೋ ದೊಡ್ಡದನ್ನು ಕಂಡು ತತ್ತರಿಸಿದ ಹೊತ್ತು. ಅದನ್ನು ಸೋಲು ಅನ್ನಲು ನನಗೆ ಮನಸ್ಸಿಲ್ಲ. ಒಂದು ಕಠಿಣ ವಿಷಯವನ್ನೂ ಮುಚ್ಚಿಡಬಾರದು. 'ಫೀಡ್ರಸ್'ನಲ್ಲಿ ಆಮೇಲೆ ಕರಿ ಕುದುರೆಯ ಬಾಯಲ್ಲಿ ರಕ್ತ ಬರುವಷ್ಟು ಲಗಾಮು ಎಳೆಯುತ್ತಾರೆ, ಮತ್ತೆ ಮತ್ತೆ, ಅದು ಹೆದರಿ ತಗ್ಗುವವರೆಗೆ. ಆ ಹಿಂಸೆ ನನಗೆ ಈಗಲೂ ಒಪ್ಪಿಗೆಯಾಗಿಲ್ಲ.

ಹಳೇಕಟ್ಟು

ಆ ಹಿಂಸೆಗೆ ಪ್ಲೇಟೋನಲ್ಲೇ ಇನ್ನೊಂದು ದಾರಿ ಇದೆ ಅನ್ನಿಸುತ್ತದೆ. ಕಾರ್ಡುಗಳ ಕ್ರಮ ನೋಡಿ. ವೇಟ್ ಕಟ್ಟಿನಲ್ಲಿ ರಥದ ಮುಂದಿನ 8ನೇ ಕಾರ್ಡು ಬಲ. ಹೆಂಗಸೊಬ್ಬಳು ಸಿಂಹದ ಬಾಯ ಮೇಲೆ ಮೆಲ್ಲಗೆ ಕೈ ಇಟ್ಟಿದ್ದಾಳೆ. 'ರಿಪಬ್ಲಿಕ್'ನ 9ನೇ ಭಾಗದಲ್ಲಿ ಪ್ಲೇಟೋ ಕುದುರೆ ಬಿಟ್ಟು ಬೇರೆ ಚಿತ್ರ ಕೊಡುತ್ತಾನೆ. ಒಂದೇ ಚರ್ಮದೊಳಗೆ ಮನುಷ್ಯ, ಸಿಂಹ, ಹಲವು ತಲೆಯ ಪ್ರಾಣಿ. ಒಳಗಿನ ಮನುಷ್ಯ ಸಿಂಹವನ್ನು ಜೊತೆಗಾರ ಮಾಡಿಕೊಂಡು, ಆ ಪ್ರಾಣಿಯ ಸಾಧು ತಲೆಗಳನ್ನು ರೈತನ ಹಾಗೆ ಬೆಳೆಸಿ, ಕಾಡು ತಲೆಗಳು ಚಿಗುರದಂತೆ ನೋಡಿಕೊಳ್ಳಬೇಕು ಅನ್ನುತ್ತಾನೆ. ಮೂವರೂ ಒಬ್ಬರಿಗೊಬ್ಬರು ಗೆಳೆಯರಾಗಬೇಕು ಅಂತ ಬರುತ್ತದೆ.

ಮಾರ್ಸೆಯ್ ಕ್ರಮ ಬೇರೆ. ಅಲ್ಲಿ 8ನೆಯದು ನ್ಯಾಯ, ಬಲ 11ನೆಯದು. ವೇಟ್ ಅವೆರಡನ್ನೂ ಅದಲು ಬದಲು ಮಾಡಿದರು. 'ರಿಪಬ್ಲಿಕ್' ಪ್ರಕಾರ ನ್ಯಾಯ ಅಂದರೆ ಜೀವದ ಮೂರು ಭಾಗಗಳೂ ತಂತಮ್ಮ ಕೆಲಸ ಮಾಡಿಕೊಂಡಿರುವುದು. ರಥದ ನಂತರ ಅದು ಬಂದರೂ ಸರಿಯಾಗಿಯೇ ಕೂರುತ್ತದೆ.

ಕರಿಗುದುರೆ

ನನಗೆ ಮಾರ್ಸೆಯ್ ಕ್ರಮವೇ ಸರಿ ಅನ್ನಿಸುತ್ತದೆ. ಸಿಂಹವನ್ನು ಮುಟ್ಟುವುದಕ್ಕೆ ಮೊದಲು ಯಾರ ಕೆಲಸ ಯಾವುದು ಅಂತ ತೀರ್ಮಾನ ಆಗಬೇಕು.

ಒಂದೇ ಜೀವ

ನನಗೆ ವೇಟ್ ಕ್ರಮ. ನ್ಯಾಯವನ್ನು 11ಕ್ಕೆ ಇಟ್ಟರೆ 10ನೇ ಭಾಗ್ಯಚಕ್ರ ಅದರ ಹಿಂದೆಯೇ ಬರುತ್ತದೆ. ಚಕ್ರ ತಿರುಗಿದ ಮೇಲೂ ನ್ಯಾಯವಾಗಿ ಇರಬಲ್ಲೆಯಾ ಅನ್ನುವುದು ಸ್ಟೋಯಿಕರ ಪ್ರಶ್ನೆ. ಭಾಗ್ಯಚಕ್ರಕ್ಕೆ ನಾಳೆ ಬೇರೆ ಚರ್ಚೆ ತೆರೆಯುತ್ತೇನೆ, ಅಲ್ಲಿ ಜಗಳ ಮುಂದುವರಿಸೋಣ.